ಏಳನೇ ತಿಂಗಳು, ಐರನ್ ಮಾತ್ರೆ, ಮುಷ್ಕರ ಹೂಡಿದ ಹೊಟ್ಟೆ

ಮೇಷ್ಟ್ರಮ್ಮ (ಭಾನುವಾರ ರಾತ್ರಿ 11.20)

ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನಗೀಗ 28 ವಾರ. ಮೊದಲ ಬಸಿರು. ಮಲಗಿದರೆ ಹುಳಿ ಗಂಟಲ ತನಕ ಬರುತ್ತದೆ, ಎದ್ದು ಕೂತರೆ ಸೊಂಟ ನೋವು. ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಅರ್ಧ ಕೂತು ಅರ್ಧ ಮಲಗಿದ್ದೇನೆ.

ಮೊನ್ನೆ ಸೀಮಂತ ಆಯಿತು. ಚಿತ್ರಾನ್ನ, ಪುಳಿಯೋಗರೆ, ಬಿಸಿಬೇಳೆಬಾತ್, ಕಾಯನ್ನ, ಮೊಸರನ್ನ. ಬಂದವರೆಲ್ಲ 'ಇಬ್ಬರಿಗೆ ತಿನ್ನಬೇಕು ಕಣಮ್ಮ' ಅಂತ ಒಂದೊಂದು ತುತ್ತು ಜಾಸ್ತಿ ಹಾಕಿದರು. ಆವತ್ತು ರಾತ್ರಿ ಎದೆಯಲ್ಲಿ ಒಲೆ ಹಚ್ಚಿಟ್ಟ ಹಾಗಿತ್ತು.

ಅದು ಹೇಗೋ ಸಹಿಸಬಹುದು. ಹೇಳಿಕೊಳ್ಳೋಕೆ ನಾಚಿಕೆ ಆಗೋದು ಇನ್ನೊಂದು. ಮೋಷನ್ ಆಗಲ್ಲ. ಮೂರು ದಿನಕ್ಕೊಮ್ಮೆ, ಅದೂ ಅರ್ಧ ಗಂಟೆ ಯುದ್ಧ ಮಾಡಿದ ಮೇಲೆ. ಹೋದ ವಾರ ರಕ್ತವೂ ಕಾಣಿಸಿತು. ಆವತ್ತಿಂದ ಟಾಯ್ಲೆಟ್ಟಿಗೆ ಹೋಗೋಕೇ ಭಯ, ಭಯಕ್ಕೆ ಹೋಗಲ್ಲ, ಹೋಗದೆ ಇನ್ನೂ ಗಟ್ಟಿಯಾಗುತ್ತದೆ.

ಎಲ್ಲ ಶುರುವಾಗಿದ್ದು ಐರನ್ ಮಾತ್ರೆಯಿಂದ ಅಂತ ನನಗೆ ಖಾತ್ರಿ. ಅದಕ್ಕೇ ಮೂರು ವಾರದಿಂದ ತಗೊಳ್ಳುತ್ತಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 'ಶಾಲೆಯಲ್ಲಿ ಊಟ ಆದ ಮೇಲೆ ತಗೋತೀನಿ' ಅಂತ ಹೇಳಿ, ಶಾಲೆಯ ಬೀರುವಿನಲ್ಲಿ ಸೀಮೆಸುಣ್ಣದ ಡಬ್ಬಿಯೊಳಗೆ ಇಡುತ್ತಿದ್ದೇನೆ. ತಮಾಷೆ ಏನು ಗೊತ್ತಾ? ನಾನು ಪ್ರೈಮರಿ ಟೀಚರು. ವಾರಕ್ಕೊಂದು ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಟ್ಟು 'ನುಂಗು, ಬಾಯಿ ತೆಗಿ, ತೋರಿಸು' ಅಂತ ಗದರಿಸೋಳೂ ನಾನೇ.

ಏನು ಮಾಡಲಿ? ಬೈಯೋದಿದ್ದರೆ ಮೆಲ್ಲಗೆ ಬೈಯಿರಿ.

ಬಾಳೆದಿಂಡು (ಭಾನುವಾರ ರಾತ್ರಿ 11.48)

ಅಯ್ಯೋ, ಬೈಯೋದೇನಿದೆ. ನಾನು ಮೊದಲನೇ ಸಲ ಮಾತ್ರೇನ ದಾಸವಾಳದ ಕುಂಡಕ್ಕೆ ಹಾಕುತ್ತಿದ್ದೆ. ಬೈಯಬೇಕಾದವರು ಬೆಳಿಗ್ಗೆ ಬರುತ್ತಾರೆ, ಇರಿ.

ಶಿರಸಿ ಕಡೆಯವಳು ನಾನು. ನಮ್ಮಲ್ಲಿ ಬಸುರಿಗೆ ಹೊಟ್ಟೆ ಕಟ್ಟಿಕೊಂಡರೆ ಬಾಳೆದಿಂಡಿನ ಪಲ್ಯ, ಇಲ್ಲ ದಿಂಡಿನ ಸಾಸಿವೆ (ಮೊಸರು ಹಾಕಿ ಮಾಡೋ ಅಡುಗೆ). ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಒಂದೊಂದು ಬಿಲ್ಲೆಗೂ ಜೇಡರ ಬಲೆಯಂಥ ನಾರು ಬರುತ್ತದೆ ನೋಡಿ, ಅದನ್ನು ಬೆರಳಿಗೆ ಸುತ್ತಿಕೊಂಡು ಸುತ್ತಿಕೊಂಡು ತೆಗೆಯಬೇಕು. ಹೆಚ್ಚಿದ್ದನ್ನು ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ. ಕೆಲಸ ಜಾಸ್ತಿ, ಆದರೆ ನನಗೆ ಮೂರನೇ ದಿನಕ್ಕೆ ಗುಣ ಕಾಣಿಸಿತು. ರಾತ್ರಿಗೆ ಖಾರದ ಸಾರು ಬಿಟ್ಟು ಜೀರಿಗೆ ತಂಬುಳಿ ಮಾಡಿಕೊಳ್ಳಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಎರಡೇ ಎರಡು ಕಾಳುಮೆಣಸು ಹುರಿದು, ಕಾಯಿ ಜೊತೆ ರುಬ್ಬಿ, ಸಿಹಿ ಮಜ್ಜಿಗೆಗೆ ಬೆರೆಸೋದು. ಕುದಿಸಬೇಡಿ.

ಗಂಡಸರ ಕಡೆಯಿಂದ (ಸೋಮವಾರ ಬೆಳಿಗ್ಗೆ 6.15)

ಕ್ಷಮಿಸಿ, ಬೇರೆಯವರ ಪ್ರಶ್ನೆ ಮಧ್ಯೆ ನನ್ನದೊಂದು. ನನ್ನ ಹೆಂಡತಿಗೆ 9 ವಾರ. ಏನು ತಿಂದರೂ ವಾಂತಿ. ಒಗ್ಗರಣೆ ಹಾಕಿದರೆ ಸಾಕು, ಬಚ್ಚಲಿಗೆ ಓಡುತ್ತಾಳೆ. ನಮ್ಮಮ್ಮ 'ಎಲ್ಲರಿಗೂ ಆಗೋದೇ, ಐದು ತಿಂಗಳಿಗೆ ಸರಿಹೋಗುತ್ತೆ' ಅನ್ನುತ್ತಾರೆ. ನಿನ್ನೆಯಿಂದ ನೀರು ಕೂಡ ನಿಲ್ಲುತ್ತಿಲ್ಲ. ಕಾಯಬಹುದಾ?

ಹಳೇ ಸಿಸ್ಟರ್ (ಸೋಮವಾರ ಬೆಳಿಗ್ಗೆ 6.50)

ಗಂಡಸರ ಕಡೆಯಿಂದ, ನಿಮಗೆ ಮೊದಲು. ಕಾಯಬೇಡಿ. ಬೆಳಿಗ್ಗೆ ಎರಡು ಸಲ ವಾಂತಿ ಆಗಿ ಆಮೇಲೆ ಇಡ್ಲಿ ತಿಂದರೆ ಅದು ಬೇರೆ. ನೀರೂ ನಿಲ್ಲದಿದ್ದರೆ ಅದೇ ಬೇರೆ. ಅವಳು ಕೊನೆಗೆ ಮೂತ್ರಕ್ಕೆ ಹೋಗಿದ್ದು ಯಾವಾಗ, ಬಣ್ಣ ಹೇಗಿತ್ತು ಅಂತ ಕೇಳಿ. ಕಡು ಹಳದಿ ಇದ್ದರೆ, ನಿಂತರೆ ತಲೆ ಸುತ್ತಿದರೆ, ಈಗಲೇ ಆಸ್ಪತ್ರೆಗೆ ಹೊರಡಿ. ಮೂತ್ರದಲ್ಲಿ ಕೀಟೋನ್ (ಊಟ ಇಲ್ಲದೆ ಮೈ ಕೊಬ್ಬು ಕರಗಿಸುವಾಗ ಬರೋದು) ನೋಡುತ್ತಾರೆ, ಡ್ರಿಪ್ ಹಾಕುತ್ತಾರೆ. ವಾಂತಿಗೆ ಬಸಿರಿನಲ್ಲಿ ಕೊಡಬಹುದಾದ ಮಾತ್ರೆ ಇದೆ, ಡಾಕ್ಸಿಲಮಿನ್ ಮತ್ತು ಬಿ6 ಸೇರಿದ್ದು, ವರ್ಷಗಟ್ಟಲೆಯಿಂದ ಕೊಡುತ್ತಿದ್ದಾರೆ. ಡಾಕ್ಟರೇ ಬರೆದು ಕೊಡುತ್ತಾರೆ. ಹೋಗಿ ಬಂದು ಬರೆಯಿರಿ.

ಮೇಷ್ಟ್ರಮ್ಮ, ನಿಮಗೆ ಸಂಜೆ ಬರೆಯುತ್ತೇನೆ. ನಿಮ್ಮ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಎಷ್ಟು? ಬಿಪಿ ಎಷ್ಟು? ಯಾವ ಮಾತ್ರೆ ಯಾವಾಗ ತಗೋತಿದ್ರಿ? ತಾಯಿ ಕಾರ್ಡ್ ನೋಡಿ ಹೇಳಿ, ಅಂದಾಜಲ್ಲಿ ಬೇಡ.

ಮೇಷ್ಟ್ರಮ್ಮ (ಸೋಮವಾರ ಮಧ್ಯಾಹ್ನ 1.35)

ಊಟದ ಬೆಲ್ಲು ಹೊಡೆದಿದೆ, ಬೇಗ ಬರೆಯುತ್ತೇನೆ. ಎಚ್‌ಬಿ ನಾಲ್ಕನೇ ತಿಂಗಳಲ್ಲಿ 10.4, ಹೋದ ವಾರ 9.6. ಬಿಪಿ 112/70. ಮೊದಲು ಬೆಳಿಗ್ಗೆ ತಿಂಡಿ ಆದ ತಕ್ಷಣ ಐರನ್ನು, ಕ್ಯಾಲ್ಸಿಯಂ ಎರಡೂ ಒಟ್ಟಿಗೆ ನುಂಗಿ ಮೇಲೆ ಒಂದು ಲೋಟ ಹಾಲು ಕುಡಿದು ಬಸ್ಸಿಗೆ ಓಡುತ್ತಿದ್ದೆ. ಹಾಲು ಅತ್ತೆ ಕೊಡೋದು, ಕೇಸರಿ ಹಾಕಿ.

ಎಂಟು ಮಕ್ಕಳ ಮೊಮ್ಮಗ (ಸೋಮವಾರ ಮಧ್ಯಾಹ್ನ 3.10)

ನಮ್ಮಜ್ಜಿ ಎಂಟು ಹೆತ್ತರು. ಯಾವ ಮಾತ್ರೆ ತಿಂದರು? ಗದ್ದೆ ಕೆಲಸ ಮಾಡುತ್ತಾ ಹೆತ್ತವರು. ಈಗಿನವರಿಗೆ ಎಲ್ಲಕ್ಕೂ ಗುಳಿಗೆ ಬೇಕು. ಹೊಟ್ಟೆ ಕಟ್ಟಿದರೆ ಒಂದು ಚಮಚ ಹರಳೆಣ್ಣೆ ಬಿಸಿ ಹಾಲಿಗೆ ಹಾಕಿ ಕುಡಿಯಿರಿ, ಬೆಳಿಗ್ಗೆ ಸಾಫ್.

ಹಳೇ ಸಿಸ್ಟರ್ (ಸೋಮವಾರ ಸಂಜೆ 5.30)

ಮೊದಲು ಹರಳೆಣ್ಣೆ ವಿಷಯ. ಬಸುರಿ ಹರಳೆಣ್ಣೆ ಕುಡಿಯಕೂಡದು. ಅದು ಕರುಳನ್ನು ಹಿಂಡುತ್ತದೆ, ಜೊತೆಗೆ ಗರ್ಭಕೋಶವನ್ನೂ ಕೆರಳಿಸಿ ನೋವು ಬರಿಸಬಹುದು. ಏಳನೇ ತಿಂಗಳಲ್ಲಿ ಅದು ಬೇಕಾ? ಸೋನಾಮುಖಿ ಪುಡಿ, ಅಂಗಡಿಯಲ್ಲಿ ಸಿಗುವ ಚೂರ್ಣ, ಇವನ್ನೂ ಕೇಳದೆ ತಗೋಬೇಡಿ.

ಅಣ್ಣ, ನಿಮ್ಮಜ್ಜಿ ಎಂಟು ಹೆತ್ತರು ಸರಿ. ಎಷ್ಟು ಉಳಿದವು ಅಂತ ಕೇಳಿದ್ದೀರಾ?

ಈಗ ಮೇಷ್ಟ್ರಮ್ಮ. ನಾನು 26 ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಡಾಕ್ಟರಲ್ಲ, ಹಾಗಾಗಿ ಇದನ್ನು ಓದಿ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಮೊದಲು ಮಾಡಬೇಕಾದ್ದು ಅವರಿಗೆ ನಿಜ ಹೇಳೋದು. ಮೂರು ವಾರ ಮಾತ್ರೆ ಬಿಟ್ಟಿದ್ದೀರಿ ಅಂತ ಗೊತ್ತಿಲ್ಲದೆ, ಎಚ್‌ಬಿ ಇಳಿದಿದೆ ಅಂತ ಅವರು ಡೋಸ್ ಜಾಸ್ತಿ ಮಾಡಿದರೆ ಏನು ಮಾಡುತ್ತೀರಿ? ಬಸುರಿಗೆ ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ, 10ಕ್ಕಿಂತ ಕೆಳಗೆ ಬಂದರೆ ಮಧ್ಯಮ. ಹೆರಿಗೆಯಲ್ಲಿ ಎಲ್ಲರಿಗೂ ಒಂದಿಷ್ಟು ರಕ್ತ ಹೋಗುತ್ತದೆ. ಎಚ್‌ಬಿ ಚೆನ್ನಾಗಿದ್ದವಳು ಮಾರನೇ ದಿನ ಎದ್ದು ಓಡಾಡುತ್ತಾಳೆ. ಕಡಿಮೆ ಇದ್ದವಳಿಗೆ ನಾವು ರಾತ್ರೋರಾತ್ರಿ ರಕ್ತದ ಬಾಟಲಿ ಹುಡುಕಿಕೊಂಡು ಓಡಿದ್ದೇವೆ.

ಎಲ್ಲಾ ತಪ್ಪನ್ನೂ ಮಾತ್ರೆ ತಲೆಗೆ ಕಟ್ಟಬೇಡಿ. ಬಸಿರಿನಲ್ಲಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಜಾಸ್ತಿ ಆಗುತ್ತದೆ. ಗರ್ಭಕೋಶ ಬಿಗಿಯಾಗದಿರಲಿ ಅಂತ ಅದು ಸ್ನಾಯುಗಳನ್ನು ಸಡಿಲ ಮಾಡುತ್ತದೆ. ಆದರೆ ಕರುಳಿನ ಸ್ನಾಯುವೂ ಜೊತೆಯಲ್ಲೇ ಸಡಿಲ. ಊಟ ನಿಧಾನಕ್ಕೆ ಮುಂದೆ ಸಾಗುತ್ತದೆ, ಅಷ್ಟು ಹೊತ್ತು ಕರುಳು ಅದರಲ್ಲಿನ ನೀರು ಹೀರುತ್ತಲೇ ಇರುತ್ತದೆ, ಕೊನೆಗೆ ಉಳಿಯೋದು ಒಣ ಗಟ್ಟಿ. ಅನ್ನನಾಳಕ್ಕೂ ಹೊಟ್ಟೆಗೂ ನಡುವೆ ಒಂದು ಬಿಗಿ ಇರುತ್ತದೆ, ಚೀಲದ ಬಾಯಿಗೆ ದಾರ ಕಟ್ಟಿದ ಹಾಗೆ. ಅದೂ ಸಡಿಲ. ಕೆಳಗಿಂದ ಮಗು ಒತ್ತುತ್ತದೆ. ಮಲಗಿದರೆ ಹುಳಿ ಮೇಲೆ ಬರದೆ ಇನ್ನೇನು ಮಾಡುತ್ತದೆ?

ಇನ್ನು ಮಾತ್ರೆ ತಗೊಂಡ ರೀತಿ. ಐರನ್ನು, ಕ್ಯಾಲ್ಸಿಯಂ, ಹಾಲು ಮೂರೂ ಒಟ್ಟಿಗೆ. ಕ್ಯಾಲ್ಸಿಯಂ ಇದ್ದ ಕಡೆ ಐರನ್ ಸರಿಯಾಗಿ ಮೈಗೆ ಹತ್ತಲ್ಲ. ಹತ್ತದ ಐರನ್ ಕರುಳಲ್ಲೇ ಉಳಿದು ಹೊಟ್ಟೆ ಕಟ್ಟಿಸುತ್ತದೆ, ಮಲ ಕಪ್ಪಗಾಗುತ್ತದೆ. ಅಂದರೆ ಮಾತ್ರೆಯ ಕಷ್ಟ ನಿಮಗೆ ಸಿಕ್ಕಿತು, ಲಾಭ ಸಿಗಲಿಲ್ಲ. ಕ್ಯಾಲ್ಸಿಯಂ ತಿಂಡಿ ಜೊತೆ ಒಂದು, ಮಧ್ಯಾಹ್ನ ಊಟದ ಜೊತೆ ಒಂದು. ಐರನ್ ರಾತ್ರಿಗೆ ಹಾಕಿಕೊಳ್ಳಿ. ಏಳೂವರೆಗೆ ಊಟ, ಒಂಬತ್ತಕ್ಕೆ ಮಾತ್ರೆ ತುಂಬಾ ನೀರಿನ ಜೊತೆ, ಹತ್ತಕ್ಕೆ ಹಾಸಿಗೆ. ನುಂಗಿದ ತಕ್ಷಣ ಮಲಗಬೇಡಿ. ನಿಂಬೆ ನೀರಲ್ಲಿ ತಗೊಂಡರೆ ಚೆನ್ನಾಗಿ ಹತ್ತುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಿಜ, ಆದರೆ ನಿಮಗೆ ಎದೆ ಉರಿ ಇದೆ. ನಿಂಬೆ ಬದಲು ಎರಡು ಹೋಳು ಸೀಬೆಹಣ್ಣು ತಿನ್ನಿ. ಕಾಫಿ, ಟೀ ಮಾತ್ರೆಗೆ ಒಂದು ಗಂಟೆ ಮೊದಲೂ ಬೇಡ, ಒಂದು ಗಂಟೆ ಆಮೇಲೂ ಬೇಡ.

ಇಷ್ಟು ಮಾಡಿಯೂ ಆಗದಿದ್ದರೆ ಬೇರೆ ಕಂಪನಿಯ, ಬೇರೆ ಥರದ ಐರನ್ ಬರೆದುಕೊಡುತ್ತಾರೆ. ಅದೂ ಒಗ್ಗದಿದ್ದರೆ ನರಕ್ಕೆ ಡ್ರಿಪ್ ಮೂಲಕ ಕೊಡುವ ಐರನ್ ಇದೆ. ಅದು ಹೊಟ್ಟೆಯ ದಾರಿಗೇ ಹೋಗಲ್ಲ. ಬಿಡೋದೊಂದೇ ದಾರಿ ಅಲ್ಲ.

ರಕ್ತ ಕಾಣಿಸಿದ್ದನ್ನೂ ಹೇಳಿ. ಮೂಲವ್ಯಾಧಿಯೋ, ಸೀಳಿದ್ದೋ ನೋಡಬೇಕು. ನಾಚಿಕೆ ಮನೆಯಲ್ಲಿ ಬಿಟ್ಟು ಹೋಗಿ. ದಿನಾ ನೂರು ಜನರದ್ದು ನೋಡುತ್ತಾರೆ ಅವರು.

ಎಂಟು ಮಕ್ಕಳ ಮೊಮ್ಮಗ (ಸೋಮವಾರ ರಾತ್ರಿ 9.05)

ಅಮ್ಮನಿಗೆ ಫೋನ್ ಮಾಡಿ ಕೇಳಿದೆ ಸಿಸ್ಟರ್. ಐದು ಉಳಿದಿದ್ದು. ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಹರಳೆಣ್ಣೆ ಮಾತು ವಾಪಸ್ ತಗೊಂಡೆ.

ಬೆಣ್ಣೆದೋಸೆ ಊರವಳು (ಸೋಮವಾರ ರಾತ್ರಿ 9.40)

ಸಿಸ್ಟರ್ ಬಿಪಿ ಯಾಕೆ ಕೇಳಿದರು ಅಂತ ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದಿ ದಯವಿಟ್ಟು.

ನನಗೆ ಆಗ 34 ವಾರ. ಎದೆಗೂಡಿನ ಕೆಳಗೆ, ನಡುವಿಂದ ಸ್ವಲ್ಪ ಬಲಗಡೆಗೆ, ಒಂದು ಥರಾ ಉರಿಯೂ ಹೌದು, ನೋವೂ ಹೌದು. ಮದುವೆ ಮನೆ ಊಟ ಮಾಡಿ ಬಂದಿದ್ದೆ, ಗ್ಯಾಸ್ ಅಂದುಕೊಂಡೆ. ಓಮದ ನೀರು ಕುಡಿದೆ. ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುತ್ತದಲ್ಲ, ಆ ಪುಡಿ ಎರಡು ಸಲ ಕುಡಿದೆ. ತೇಗು ಬಂತು, ನೋವು ಹೋಗಲಿಲ್ಲ. ರಾತ್ರಿ ಹನ್ನೊಂದಕ್ಕೆ ತಲೆನೋವು ಶುರುವಾಯಿತು. ಟ್ಯೂಬ್‌ಲೈಟ್ ನೋಡಿದರೆ ಸುತ್ತ ಮಿಣುಕು ಹುಳ ಹಾರಿದ ಹಾಗೆ. ಬೆಳಿಗ್ಗೆಯಿಂದ ಉಂಗುರ ಬಿಗಿಯಾಗಿತ್ತು, ಸೋಪು ಹಚ್ಚಿದರೂ ಬರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ. ನಮ್ಮ ನಾದಿನಿ ಹಟ ಹಿಡಿದು 108ಕ್ಕೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಬಿಪಿ 170/110. ಮೂತ್ರದಲ್ಲಿ ಪ್ರೋಟೀನು. ಬೆಳಗಾಗೋದರೊಳಗೆ ಆಪರೇಷನ್ ಮಾಡಿ ಮಗು ತೆಗೆದರು, ಒಂದು ಕೆಜಿ 900 ಗ್ರಾಂ. ಹದಿನೈದು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು.

ಈಗ ಅವನಿಗೆ ಮೂರು ವರ್ಷ. ಈಗಷ್ಟೇ ನನ್ನ ಚಪ್ಪಲಿ ಒಂದು ನೀರಿನ ಸಂಪಿನೊಳಗೆ ಹಾಕಿ ಬಂದಿದ್ದಾನೆ.

ಹಳೇ ಸಿಸ್ಟರ್ (ಸೋಮವಾರ ರಾತ್ರಿ 10.10)

ನಾದಿನಿಗೆ ನನ್ನ ನಮಸ್ಕಾರ ಹೇಳಿ.

ಹೌದು, ಐದು ತಿಂಗಳು ದಾಟಿದ ಮೇಲೆ ಪಕ್ಕೆಲುಬಿನ ಕೆಳಗೆ ಹೊಸದಾಗಿ ನೋವು ಬಂದು ಬಿಡದೇ ಇದ್ದರೆ, ಅದರಲ್ಲೂ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಜೊತೆಗಿದ್ದರೆ, ಅದು ಗ್ಯಾಸ್ ಅಲ್ಲ ಅಂತಲೇ ಮೊದಲು ತಿಳಿಯಿರಿ. ಬಿಪಿ ನೋಡಿಸಿ, ಆಮೇಲೆ ಬೇಕಾದರೆ ಗ್ಯಾಸ್ ಅನ್ನಿ. ನೊರೆ ಬರುವ ಪುಡಿಯಲ್ಲಿ ಸೋಡಿಯಂ ತುಂಬಾ ಇರುತ್ತದೆ. ಬಸುರಿಗೆ, ಅದರಲ್ಲೂ ಬಿಪಿ ಇರೋರಿಗೆ, ಅದು ಒಳ್ಳೇದಲ್ಲ. ಎದೆ ಉರಿಗೆ ಡಾಕ್ಟರು ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ಬರೆದರೆ ಕುಡಿಯಿರಿ, ಆದರೆ ಐರನ್ನಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಘಟ್ಟದ ಕೆಳಗಿನವಳು (ಮಂಗಳವಾರ ಬೆಳಿಗ್ಗೆ 7.20)

ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ನನಗೆ ಎಂಟನೇ ತಿಂಗಳಲ್ಲಿ ಹೊಟ್ಟೆ ಹಸಿವೇ ಇಲ್ಲ, ಅಂಗೈ ಅಂಗಾಲು ರಾತ್ರಿಯಿಡೀ ತುರಿಕೆ. ಗುಳ್ಳೆ ಒಂದೂ ಇಲ್ಲ. ಮನೆಯಲ್ಲಿ 'ಪಿತ್ತ' ಅಂತ ಕೊತ್ತಂಬರಿ ಕಷಾಯ ಕುಡಿಸಿದರು. ಒಂದು ವಾರ ಆದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಲಿವರಿನ ತೊಂದರೆ, ಪಿತ್ತರಸ ರಕ್ತಕ್ಕೆ ಸೇರುತ್ತಿತ್ತು. ಒಂದು ಲೆಕ್ಕಕ್ಕೆ ಅಜ್ಜಿ ಹೇಳಿದ ಪಿತ್ತ ಸರಿಯಾಗಿಯೇ ಇತ್ತು ನೋಡಿ, ಕಷಾಯದಿಂದ ಹೋಗುವ ಪಿತ್ತ ಆಗಿರಲಿಲ್ಲ ಅಷ್ಟೇ.

ಮತ್ತೆ ಮೇಷ್ಟ್ರಮ್ಮ, ಎದೆ ಉರಿ ಜಾಸ್ತಿ ಇದ್ದರೆ ಮಗುವಿಗೆ ತಲೆತುಂಬ ಕೂದಲಂತೆ! ನನ್ನ ಮಗಳು ಹುಟ್ಟುವಾಗಲೇ ಜಡೆ ಹಾಕಬಹುದಿತ್ತು.

ಸ್ಟುಟ್‌ಗಾರ್ಟ್ ಸಾರು (ಮಂಗಳವಾರ ಮಧ್ಯಾಹ್ನ 2.00)

ಕೂದಲಿನ ಮಾತು ನಗಬೇಡಿ, ಅದರ ಮೇಲೆ ಅಧ್ಯಯನವೇ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 64 ಬಸುರಿಯರನ್ನು ಕೇಳಿ 2006ರಲ್ಲಿ ಪ್ರಕಟಿಸಿದರು. ಅಜ್ಜಿಕತೆ ಸುಳ್ಳು ಅಂತ ತೋರಿಸಬಹುದು ಅಂದುಕೊಂಡು ಹೊರಟವರಿಗೆ ಎದೆ ಉರಿ ಜಾಸ್ತಿ ಇದ್ದವರ ಮಕ್ಕಳಿಗೇ ಕೂದಲು ಜಾಸ್ತಿ ಕಾಣಿಸಿತು. ಎರಡಕ್ಕೂ ಬಸಿರಿನ ಹಾರ್ಮೋನುಗಳೇ ಕಾರಣ ಇರಬಹುದು ಅಂತ ಅವರ ಊಹೆ. 64 ಜನ ಅಂದರೆ ನಮ್ಮೂರ ಒಂದು ಸೀಮಂತಕ್ಕೆ ಬರೋರಿಗಿಂತ ಕಡಿಮೆ, ಅಷ್ಟು ನೆನಪಿಟ್ಟುಕೊಳ್ಳಿ.

ನಾನು ಜರ್ಮನಿಯಲ್ಲಿ ಹೆತ್ತವಳು. ಇಲ್ಲಿ ಸೂಲಗಿತ್ತಿ ಮನೆಗೇ ಬರುತ್ತಾರೆ. ಎದೆ ಉರಿ ಅಂದಿದ್ದಕ್ಕೆ ಅವರು ಕೊಟ್ಟ ಮೊದಲ ಸಲಹೆ, ನಾಲ್ಕೈದು ಬಾದಾಮಿ ಬಾಯಲ್ಲಿ ನುಣ್ಣಗೆ ಆಗೋ ತನಕ ಅಗಿಯಿರಿ. ನಮ್ಮಮ್ಮನೂ ಫೋನಲ್ಲಿ ಅದನ್ನೇ ಹೇಳಿದ್ದಳು, ನೆನೆಸಿ ಸಿಪ್ಪೆ ತೆಗೆದು ಅಂತ ಒಂದು ಸೇರಿಸಿ. ಅಗಿಯುವಾಗ ಎಂಜಲು ಜಾಸ್ತಿ ಬರುತ್ತದೆ, ಅದೇ ಹುಳಿಯನ್ನು ತೊಳೆದು ಕೆಳಗೆ ಇಳಿಸುತ್ತದೆ ಅಂತ ಕಾಣುತ್ತದೆ. ಇನ್ನೊಂದು ಕತೆ. ಇಲ್ಲಿ ಹೋಟೆಲಲ್ಲಿ ಸುಮ್ನೆ ನೀರು ಅಂದರೆ ಗ್ಯಾಸ್ ತುಂಬಿದ ಸೋಡಾ ನೀರು ತಂದಿಡುತ್ತಾರೆ. ಎರಡು ತಿಂಗಳು ಅದನ್ನೇ ಕುಡಿದು, ಹೊಟ್ಟೆ ಯಾಕೆ ಡೋಲಿನ ಹಾಗೆ ಉಬ್ಬಿದೆ ಅಂತ ಬೇಳೆಗೆ ಬೈದುಕೊಂಡಿದ್ದೆ.

ಮಲಗೋ ವಿಷಯ. ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಹೊಟ್ಟೆ ಇನ್ನೂ ಮಡಚುತ್ತದೆ. ಮಂಚದ ತಲೆಯ ಕಡೆ ಕಾಲಿನ ಕೆಳಗೆ ಒಂದೊಂದು ಇಟ್ಟಿಗೆ ಇಡಿ. ಎಡಮಗ್ಗುಲಲ್ಲಿ ಮಲಗಿ.

ಬಾಳೆದಿಂಡು (ಮಂಗಳವಾರ ಮಧ್ಯಾಹ್ನ 2.40)

ನೀರು ಎಷ್ಟು ಕುಡಿಯುತ್ತೀರಿ ಮೇಷ್ಟ್ರಮ್ಮ? ಇದನ್ನು ಯಾರೂ ಕೇಳಲೇ ಇಲ್ಲ. ನಾರು ತಿಂದು ನೀರು ಕುಡಿಯದಿದ್ದರೆ ಇನ್ನೂ ಬಿಗಿಯುತ್ತದೆ, ಇಸಬ್‌ಗೋಲ್ ಆದರೂ ಅಷ್ಟೇ.

ಮೇಷ್ಟ್ರಮ್ಮ (ಮಂಗಳವಾರ ರಾತ್ರಿ 8.30)

ಈ ಪ್ರಶ್ನೆಗೇ ಹೆದರಿದ್ದೆ.

ಬೆಳಿಗ್ಗೆ ಏಳೂವರೆಗೆ ಒಂದು ಲೋಟ. ಆಮೇಲೆ ಸಂಜೆ ಐದಕ್ಕೆ ಮನೆಗೆ ಬಂದು. ನಡುವೆ ಊಟದ ಹೊತ್ತಿಗೆ ಎರಡು ಗುಟುಕು. ಕುಡಿದರೆ ಎಲ್ಲಿ ಹೋಗಲಿ? ತುಮಕೂರಿಂದ ಬಸ್ಸಲ್ಲಿ ಒಂದು ಗಂಟೆ ಹತ್ತು ನಿಮಿಷ. ಶಾಲೆಯಲ್ಲಿ ಟೀಚರಿಗೆ ಅಂತ ಒಂದು ಟಾಯ್ಲೆಟ್ ಇದೆ, ಚಿಲಕ ಇಲ್ಲ. ಬಾಗಿಲಿಗೆ ಒಳಗಿಂದ ಕಾಲು ಕೊಟ್ಟು ಕೂರಬೇಕು, ಈ ಹೊಟ್ಟೆ ಇಟ್ಟುಕೊಂಡು. ಹೊರಗೆ ಮಕ್ಕಳು ಲಗೋರಿ ಆಡುತ್ತಿರುತ್ತಾರೆ. ಒಂದು ಸಲ ಚೆಂಡು ಬಂದು ಬಾಗಿಲಿಗೆ ಬಡಿಯಿತು, ಆವತ್ತಿಂದ ನಾನು ಶಾಲೆಯಲ್ಲಿ ಹೋಗಿಲ್ಲ.

ಎಲ್ಲರೂ ಎಂಟು ಹತ್ತು ಲೋಟ ನೀರು ಕುಡಿ ಅನ್ನುತ್ತಾರೆ. ಡಾಕ್ಟರೂ ಅಂದರು. ನಾನು ಹೂಂ ಅಂದೆ.

ಬೆಣ್ಣೆದೋಸೆ ಊರವಳು (ಮಂಗಳವಾರ ರಾತ್ರಿ 8.45)

ಅಯ್ಯೋ ನನ್ನವ್ವ. ಹಾಗಾದರೆ ಬಾಳೆದಿಂಡು, ತಂಬುಳಿ, ಐರನ್ನು ಅಂತ ನಾವು ಎರಡು ದಿನದಿಂದ ಏನೇನೋ ಬರೆಯುತ್ತಿದ್ದೇವಲ್ಲ. ನಿಮಗೆ ಬೇಕಾಗಿರೋದು ಒಂದು ಚಿಲಕ.

ಹಳೇ ಸಿಸ್ಟರ್ (ಮಂಗಳವಾರ ರಾತ್ರಿ 9.15)

ನನಗೇ ಕೇಳೋಕೆ ಹೊಳೆಯಲಿಲ್ಲ ನೋಡಿ. ವಾರ್ಡಿಗೆ ಬರೋರಲ್ಲಿ ಎಷ್ಟು ಜನ ಬಸ್ ಕಂಡಕ್ಟರು, ಟೀಚರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಉರಿಮೂತ್ರ ಅಂತ ಬರುತ್ತಿದ್ದರು, ಎಲ್ಲರದ್ದೂ ಇದೇ ಕತೆ. ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ಮೋಷನ್ ಮಾತ್ರ ಅಲ್ಲ, ಮೂತ್ರದ ಸೋಂಕೂ ಆಗುತ್ತದೆ. ಬಸಿರಿನಲ್ಲಿ ಅದು ಕಿಡ್ನಿಗೆ ಏರಬಹುದು, ದಿನ ತುಂಬುವ ಮೊದಲೇ ನೋವು ಬರಿಸಬಹುದು. ನಾಳೆಯೇ ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿ. ಚಿಲಕಕ್ಕೆ ಅನುದಾನ ಬರೋ ತನಕ ಕಾಯಬೇಡಿ.

ಚಿಲಕ ಬಂದ ಮೇಲೆ ಇನ್ನೊಂದು ಮಾಡಿ. ಮನೆಯಲ್ಲಿ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ದಾರಿ ಸಲೀಸು. ತಿಣುಕಬೇಡಿ. ತಿಂಡಿ ತಿಂದು ಇಪ್ಪತ್ತು ನಿಮಿಷಕ್ಕೆ ಕರುಳು ತಾನೇ ಎಚ್ಚರ ಆಗುತ್ತದೆ, ಆ ಹೊತ್ತಲ್ಲಿ ಬಸ್ಸಿಗೆ ಓಡದೆ ಕೂರಿ. ಐದು ನಿಮಿಷ ಬೇಗ ಎದ್ದರೆ ಆಯಿತು. ಸಾಲದಿದ್ದರೆ ಲ್ಯಾಕ್ಟುಲೋಸ್ ಅಂತ ಸಿಹಿ ಸಿರಪ್ ಇದೆ, ಬಸುರಿಯರಿಗೆ ಕೊಡುತ್ತಾರೆ, ಡಾಕ್ಟರನ್ನು ಕೇಳಿ.

ಇನ್ನೊಂದು ಮುಖ್ಯ. ಸೀಮೆಸುಣ್ಣದ ಡಬ್ಬಿಯಲ್ಲಿರೋ ಮಾತ್ರೆ ಮೊದಲು ತೆಗೆಯಿರಿ. ನಿಮ್ಮದು ದೊಡ್ಡವರ ಕೆಂಪು ಮಾತ್ರೆ, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಚಿಕ್ಕ ಮಗು ಚಾಕಲೇಟ್ ಅಂತ ನಾಲ್ಕಾರು ತಿಂದರೆ ಜೀವಕ್ಕೆ ಅಪಾಯ.

ಮೇಷ್ಟ್ರಮ್ಮ (ಮಂಗಳವಾರ ರಾತ್ರಿ 9.20)

ಇದನ್ನು ಓದಿ ಕೈ ನಡುಗಿತು. ನಾಳೆ ಮೊದಲ ಬಸ್ಸಿಗೇ ಹೋಗುತ್ತೇನೆ.

ಗಂಡಸರ ಕಡೆಯಿಂದ (ಬುಧವಾರ ಬೆಳಿಗ್ಗೆ 10.30)

ಸಿಸ್ಟರ್, ಸೋಮವಾರವೇ ಕರೆದುಕೊಂಡು ಹೋದೆ. ಕೀಟೋನ್ ಇತ್ತು. ಎರಡು ದಿನ ಡ್ರಿಪ್ ಹಾಕಿದರು, ಇವತ್ತು ಮನೆಗೆ ಬಂದೆವು. ಐರನ್ ಈಗ ಬೇಡ, ಫೋಲಿಕ್ ಆಸಿಡ್ ಮಾತ್ರ ಬಿಡಬೇಡಿ ಅಂದರು. ಅಡುಗೆ ನಾನೇ ಮಾಡುತ್ತಿದ್ದೇನೆ, ಒಗ್ಗರಣೆ ಬಂದ್. ತಣ್ಣಗಿನ ಊಟಕ್ಕೆ ವಾಸನೆ ಕಡಿಮೆ ಅಂತ ಗೊತ್ತಾಯಿತು, ಹಾಗಾಗಿ ತಣ್ಣಗಿನ ಮೊಸರನ್ನ, ಅದಕ್ಕೆ ದಾಳಿಂಬೆ ಕಾಳು. ಬೆಳಿಗ್ಗೆ ಹಾಸಿಗೆಯಿಂದ ಏಳೋ ಮೊದಲೇ ಒಂದು ಹಿಡಿ ಮಂಡಕ್ಕಿ. ನಿನ್ನೆಯಿಂದ ಒಂದೇ ಸಲ ವಾಂತಿ. ಅಮ್ಮ 'ನಮ್ಮ ಕಾಲದಲ್ಲಿ' ಅಂತ ಶುರು ಮಾಡಿದರು, ಡ್ರಿಪ್ ಹಾಕಿದ ಅವಳ ಕೈ ನೋಡಿ ಸುಮ್ಮನಾದರು.

ಮೇಷ್ಟ್ರಮ್ಮ (ಮುಂದಿನ ಮಂಗಳವಾರ ಸಂಜೆ 6.10)

ಒಂದು ವಾರದ ವರದಿ.

ಡಾಕ್ಟರಿಗೆ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, 'ಹೇಳಿದ್ದು ಒಳ್ಳೇದಾಯ್ತು' ಅಂತಷ್ಟೇ ಅಂದರು. ಸಣ್ಣ ಸೀಳು, ಹಚ್ಚೋಕೆ ಮುಲಾಮು ಕೊಟ್ಟರು, ಹತ್ತು ದಿನಕ್ಕೆ ಸಿರಪ್. ಐರನ್ ರಾತ್ರಿ ಒಂಬತ್ತಕ್ಕೆ, ಸೀಬೆ ಹೋಳಿನ ಜೊತೆ. ಅತ್ತೆಗೂ ಹೇಳಿದೆ. ಅವರಿಗೆ ಬೇಜಾರಾಗಿದ್ದು ಮಾತ್ರೆ ಬಿಟ್ಟಿದ್ದಕ್ಕಲ್ಲ, ಕೇಸರಿ ಹಾಲಿನಿಂದ ಮಾತ್ರೆ ಹತ್ತಲಿಲ್ಲ ಅನ್ನೋದಕ್ಕೆ. ಹಾಲು ಈಗ ಸಂಜೆ ಐದೂವರೆಗೆ ಬಂದಿದೆ. ರಾತ್ರಿ ಅನ್ನ ಬಿಟ್ಟು ಸಣ್ಣ ಮುದ್ದೆ, ಹೀರೆಕಾಯಿ ಬೇಳೆಸಾರು, ಏಳೂವರೆಗೇ. ಎದೆ ಉರಿ ಪೂರ್ತಿ ಹೋಗಿಲ್ಲ, ಆದರೆ ಮಲಗಬಹುದು. ಇಟ್ಟಿಗೆ ಇಟ್ಟ ಮೇಲೆ ನಮ್ಮನೆಯವರು ರಾತ್ರಿಯೆಲ್ಲ ಜಾರಿ ಜಾರಿ ಮಂಚದ ತುದಿಗೆ ಬರುತ್ತಾರೆ.

ಚಿಲಕ. ಹೆಡ್‌ಮೇಷ್ಟ್ರು 'ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಇಡೋಣ' ಅಂದರು. ನಾನು ಸಭೆಗೆ ಕಾಯದೆ ಬಸ್‌ಸ್ಟ್ಯಾಂಡ್ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ 60 ರೂಪಾಯಿ ಕೊಟ್ಟು ತಂದೆ. ಬಿಸಿಯೂಟದ ಅಡುಗೆಯಮ್ಮನ ಗಂಡ ಬಂದು ಐದು ನಿಮಿಷದಲ್ಲಿ ಹಾಕಿಕೊಟ್ಟರು. ಆ ಅಡುಗೆಯಮ್ಮ ನನ್ನ ಕೈ ಹಿಡಿದು, 'ಮೇಡಮ್ಮಾರೆ, ನಾನೂ ಮೂರು ವರ್ಷದಿಂದ ಬೆಳಿಗ್ಗೆಯಿಂದ ನೀರು ಕುಡಿಯಲ್ಲ' ಅಂದರು. ನಾವಿಬ್ಬರೂ ದಿನಾ ಒಂದೇ ಜಗುಲಿ ಮೇಲೆ ಕೂತು ಊಟ ಮಾಡೋರು.

ಈಗ ಮೇಜಿನ ಮೇಲೆ ಒಂದು ಲೀಟರ್ ಬಾಟಲಿ. ಎರಡನೇ ತರಗತಿ ಹುಡುಗನೊಬ್ಬ ಪ್ರತಿ ಪೀರಿಯಡ್ಡಿಗೂ 'ಮಿಸ್, ಕುಡುದ್ರಾ? ಬಾಯಿ ತೆಗೀರಿ, ತೋರ್ಸಿ' ಅಂತ ಕೇಳುತ್ತಾನೆ.

ಮತ್ತೆ ಹೇಳಲೇಬೇಕು. ಇವತ್ತು ಬೆಳಿಗ್ಗೆ ಆಯಿತು. ಯುದ್ಧ ಇಲ್ಲ, ರಕ್ತ ಇಲ್ಲ, ಏಳು ನಿಮಿಷ.

ಬೆಣ್ಣೆದೋಸೆ ಊರವಳು (ಮಂಗಳವಾರ ಸಂಜೆ 6.25)

ಇಂಥ ಸುದ್ದಿಗೆ ನಾನು ಇಷ್ಟು ಖುಷಿಪಡುತ್ತೇನೆ ಅಂತ ಅಂದುಕೊಂಡೇ ಇರಲಿಲ್ಲ.

ಹಳೇ ಸಿಸ್ಟರ್ (ಮಂಗಳವಾರ ರಾತ್ರಿ 7.40)

ಒಳ್ಳೇದು. ಮತ್ತೆ ಎಚ್‌ಬಿ ಯಾವಾಗ?

ಮೇಷ್ಟ್ರಮ್ಮ (ಮಂಗಳವಾರ ರಾತ್ರಿ 9.02)

ಬರೋ 9ನೇ ತಾರೀಖು, ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ನೋಡೋ ದಿನ. ಅಡುಗೆಯಮ್ಮನ ಸೊಸೆಗೂ ನಾಲ್ಕು ತಿಂಗಳಂತೆ, ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಒಂಬತ್ತಾಯಿತು ಸಿಸ್ಟರ್, ಸೀಬೆಹಣ್ಣು ಹೆಚ್ಚಬೇಕು.